ಮಾಡಿಗೆ ಏನು ಹಾಕುವುದು? ಊರಿನ ಹಳೆ ಮನೆಗಳನ್ನು ನೋಡಿ ನಿರ್ಧರಿಸುವ ಕ್ರಮ

ಮಂಗಳೂರು, ಉಡುಪಿ ಕಡೆ ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಬೀಳುತ್ತದೆ, ಕಡಲ ಬದಿಯಲ್ಲಿ ಅದರ ಜೊತೆಗೆ ಉಪ್ಪುಗಾಳಿ. ಇಲ್ಲಿ ಮಾಡಿನ, ಅಂದರೆ ಮನೆಯ ಚಾವಣಿಯ, ಸಾಮಾನು ಆರಿಸುವವರಿಗೆ ಅಂಗಡಿಯ ಗ್ಯಾರಂಟಿ ಕಾರ್ಡಿಗಿಂತ ಊರಿನ ಹಳೆ ಮಾಡುಗಳೇ ನಂಬಿಕಸ್ಥ ಸಾಕ್ಷಿ. ಆದರೆ ಆ ಸಾಕ್ಷಿಯನ್ನು ಸರಿಯಾಗಿ ವಿಚಾರಿಸಬೇಕು.

ಮೊದಲು ಕ್ರಮ ಬೇರೆ, ವಸ್ತು ಬೇರೆ ಎಂದು ವಿಂಗಡಿಸಿಕೊಳ್ಳಿ. ಮಂಗಳೂರು ಹಂಚು ಹೊದೆಸುವ ಕ್ರಮ 1860ರ ದಶಕದಿಂದ ನಡೆದು ಬಂದಿದೆ. ಇಷ್ಟು ಕಾಲ ಬಾಳಿದ ಕ್ರಮ ಇನ್ನೂ ಬಹುಕಾಲ ಬಾಳುವ ಸಂಭವ ಹೆಚ್ಚು. ಒಂದು ಹಳೆ ಪಕ್ಕಾಸಿಗೆ (ಹಂಚಿನ ಭಾರ ಹೊರುವ ಇಳಿಜಾರು ಮರಕ್ಕೆ) ಈ ಲೆಕ್ಕ ಹಿಡಿಯುವುದಿಲ್ಲ, ಮರಕ್ಕೆ ವಯಸ್ಸಾದಷ್ಟೂ ಆಯುಷ್ಯ ಕಮ್ಮಿ. ಕಳಚಿದ ಮನೆಯ ಮರ ಕೊಳ್ಳುವಾಗ ಗೋಡೆಯೊಳಗೆ ಕೂತಿದ್ದ ತುದಿಯನ್ನು ಉಳಿಯಿಂದ ಚುಚ್ಚಿ ನೋಡಿ. ಗೆದ್ದಲು ಹತ್ತುವುದು, ಮರ ಕುಂಬಾಗುವುದು ಹೆಚ್ಚಾಗಿ ಅಲ್ಲಿಂದಲೇ.

ನಂತರ ನಿಮ್ಮ ಜಾಗದಂಥದ್ದೇ ಜಾಗದಲ್ಲಿ ಕನಿಷ್ಠ 30 ಮಳೆಗಾಲ ಕಂಡ ನಾಲ್ಕೈದು ಮನೆ ನೋಡಿ. ಕಡಲ ಬದಿಯ ಮಲ್ಪೆಯಲ್ಲಿ ಕಟ್ಟುವವರಿಗೆ ಒಳನಾಡಿನ ಕಾರ್ಕಳದ ಮನೆ ಸಾಕ್ಷಿಯಾಗದು. "ಮಾಡು ಚೆನ್ನಾಗಿದೆಯಾ" ಎಂದು ಕೇಳಿ ಪ್ರಯೋಜನವಿಲ್ಲ. ಏನನ್ನು ಬದಲಾಯಿಸಿದಿರಿ, ಯಾವಾಗ, ಯಾಕೆ ಎಂದು ಕೇಳಿ. ಬಿದ್ದುಹೋದ ಮನೆಗಳ ವಿಚಾರವನ್ನೂ ಹಳಬ ಮೇಸ್ತ್ರಿ, ಆಚಾರಿಗಳಿಂದ ತಿಳಿದುಕೊಳ್ಳಿ, ನಿಂತಿರುವುದನ್ನಷ್ಟೇ ನೋಡಿದರೆ ಹಳೆಯದೆಲ್ಲ ಗಟ್ಟಿ ಎಂಬ ಭ್ರಮೆ ಹುಟ್ಟುತ್ತದೆ. ಹಂಚಿನ ಮೇಲೆ ಒತ್ತಿರುವ 1865ರಂಥ ಇಸವಿ ಸಾಮಾನ್ಯವಾಗಿ ಕಾರ್ಖಾನೆ ಶುರುವಾದ ವರ್ಷ. ಅದನ್ನು ಹಂಚಿನ ವಯಸ್ಸೆಂದು ಹಿಡಿಯಬೇಡಿ.

ಹೊಸ ಹಂಚು ಕೊಳ್ಳುವಾಗ ಬಾಳಿದ ಹಳೆ ಹಂಚನ್ನೇ ಅಳತೆಗೋಲು ಮಾಡಿಕೊಳ್ಳಿ. ಅಂಥ ಮಾಡಿನಿಂದ ಮೂರು, ಹೊಸ ಲೋಡಿನಿಂದ ಮೂರು ತೆಗೆದು ಚೆನ್ನಾಗಿ ಒಣಗಿಸಿ ತೂಗಿ. 24 ಗಂಟೆ ನೀರಲ್ಲಿ ಮುಳುಗಿಸಿ, ಬಟ್ಟೆಯಿಂದ ಒರೆಸಿ ಮತ್ತೆ ತೂಗಿ. 2.5 ಕಿಲೋ ಹಂಚು 3 ಕಿಲೋ ದಾಟಿದರೆ, ಅಂದರೆ ತನ್ನ ತೂಕದ ಐದನೇ ಒಂದು ಪಾಲಿಗಿಂತ ಹೆಚ್ಚು ನೀರು ಕುಡಿದರೆ, ಆ ಲೋಡು ಬೇಡ. ಒಣಗಿದ ಹಂಚನ್ನು ಬೆರಳ ಗೆಣ್ಣಿನಿಂದ ಬಡಿದಾಗ ಠಣ್ ಎನ್ನಬೇಕು. ಮಂದ ಶಬ್ದ ಬಂದರೆ ಸರಿಯಾಗಿ ಬೆಂದಿಲ್ಲ, ಇಲ್ಲವೇ ಬಿರುಕಿದೆ. ಇಳಿಜಾರಿನ ಮೇಲಿನ ಅಳತೆ ಹಿಡಿದು ಚದರ ಮೀಟರಿಗೆ ಸುಮಾರು 15 ಹಂಚು ಬೇಕು. ಒಡೆಯುವುದಕ್ಕೆಂದು ನೂರಕ್ಕೆ ಐದು ಹೆಚ್ಚಿಗೆ ತರಿಸಿ.

ಹೆಚ್ಚಿನವರು ಎಡವುವುದು ಹಂಚಿನಲ್ಲಲ್ಲ. ಹಂಚನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನೆಲ್ಲ ಬಿಟ್ಟುಬಿಡುತ್ತಾರೆ. ಹಳೆ ಮಾಡು ಬಾಳಿದ್ದು ಇಡೀ ಕ್ರಮದಿಂದ: ಅಡಿಗೆ ಆರೇಳು ಇಂಚು ಏರುವ ಇಳಿಜಾರು, ಕೆಂಪುಕಲ್ಲಿನ ಗೋಡೆ ನೆನೆಯದಂತೆ ಎರಡು ಮೂರು ಅಡಿ ಹೊರಚಾಚಿದ ಸೂರು, ಅಡಿಯಿಂದ ಗಾಳಿಯಾಟ, ಮಳೆಗೆ ಮುಂಚೆ ಪ್ರತಿ ವರ್ಷ ಒಡೆದ ಹಂಚು ಬದಲಾಯಿಸುವ ಪದ್ಧತಿ. ಇಳಿಜಾರಾದ ಕಾಂಕ್ರೀಟಿನ ಮೇಲೆ ಚಂದಕ್ಕೆಂದು ಸಿಮೆಂಟಿನಲ್ಲಿ ಹಂಚು ಅಂಟಿಸಿದರೆ ಅದು ಹೊಸ ಪ್ರಯೋಗವೇ ಹೊರತು ಹಳೆ ಮಾಡಲ್ಲ. ನುಗ್ಗಿದ ನೀರು ಅಡಿಯಲ್ಲೇ ನಿಲ್ಲುತ್ತದೆ, ಒಡೆದದ್ದನ್ನು ಬಿಡಿಸಿ ತೆಗೆಯಲಾಗುವುದಿಲ್ಲ, ಸೋರುವುದೊಂದು ಕಡೆ, ಕಲೆ ಕಾಣುವುದು ಇನ್ನೊಂದು ಕಡೆ. ಸೂರು ಕತ್ತರಿಸಬೇಕೆನಿಸಿದಾಗಲೂ ಅದು ಅಲ್ಲಿ ಯಾಕಿತ್ತು ಎಂದು ಮೊದಲು ಕೇಳಿಕೊಳ್ಳಿ.

ಎಲ್ಲವೂ ಹಳೆಯದೇ ಆಗಬೇಕಿಲ್ಲ. ಒಳ್ಳೆ ಮರ ದುಬಾರಿ, ಹಾಗಾಗಿ ಪಕ್ಕಾಸಿಗೆ ಕಬ್ಬಿಣದ ಪೈಪು ಬಂದಿದೆ. ಕಡಲ ಹತ್ತಿರ ಅದನ್ನು ಒಳಗಿನಿಂದ ತುಕ್ಕು ತಿನ್ನುತ್ತದೆ, ಹೊರಗಿನ ಬಣ್ಣ ಗುಟ್ಟು ಬಿಡುವುದಿಲ್ಲ. ಸತು ಲೇಪಿಸಿದ ಪೈಪು ತನ್ನಿ, ತುದಿ ಮುಚ್ಚಿಸಿ. ವೆಲ್ಡಿಂಗಿನಲ್ಲಿ ಲೇಪ ಸುಟ್ಟ ಜಾಗಕ್ಕೆ ಸತುವಿನ ಪ್ರೈಮರ್ ಬಳಿಸಿ. ಹೊಸ ಬಗೆಯ ಶೀಟು ಹಾಕುವ ಮನಸ್ಸಿದ್ದರೆ ಮೊದಲು ಕಟ್ಟಿಗೆ ಕೊಟ್ಟಿಗೆಗೆ ಹಾಕಿ ಒಂದು ಮಳೆಗಾಲ, ಒಂದು ಬೇಸಗೆ ಬಿಡಿ. ಆಮೇಲೆ ಸ್ಕ್ರೂ ಬಿಚ್ಚಿ ವಾಷರ್ ಬಿರಿದಿದೆಯೇ, ತೂತಿನ ಅಂಚಿನಲ್ಲಿ ತುಕ್ಕು ಹತ್ತಿದೆಯೇ ನೋಡಿ. ಹತ್ತಿದ್ದರೆ ಆ ಶೀಟು ಕೊಟ್ಟಿಗೆಯಲ್ಲೇ ಇರಲಿ.