ನೂರೈವತ್ತು ಸಾಲಿನ ಆಪ್ಷನ್ ಪಟ್ಟಿ: ನನ್ನ ಅನುಭವ

ಎಂಜಿನಿಯರಿಂಗ್ ಸೀಟಿನ ಸಿಇಟಿ ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ಹಾಕುವ ಪಟ್ಟಿಗೆ, ಮಕ್ಕಳಿಂದ ನೂರೈವತ್ತು ಸಾಲು ಬರೆಸುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಹೆಚ್ಚು. "ಸಿಗೋದು ಒಂದೇ ಸೀಟು ತಾನೇ ಸಾರ್, ಇಪ್ಪತ್ತು ಹಾಕಿದ್ರೆ ಸಾಕಪ್ಪ" ಎನ್ನುವುದು ಅವರ ವಾದ. ಹಾಗೆ ನಕ್ಕವರಲ್ಲಿ ಇಬ್ಬರು ಹೋದ ವರ್ಷ ತಮ್ಮ ಮಕ್ಕಳ ಪಟ್ಟಿಯನ್ನು ನನ್ನ ಹತ್ತಿರವೇ ಮಾಡಿಸಿಕೊಂಡು ಹೋದರು. ಏಳೆಂಟು ವರ್ಷದಲ್ಲಿ ಸುಮಾರು ನೂರಿಪ್ಪತ್ತು ಪಟ್ಟಿ ಕೈಯಲ್ಲಿ ಹಾದುಹೋಗಿವೆ. ಕೊನೆಯ ಮೂರು ವರ್ಷ ಮೊದಲ ಸುತ್ತಿನಲ್ಲೇ ಸೀಟು ಇಲ್ಲ ಎಂದು ಬಂದವರು ಒಬ್ಬರೋ ಇಬ್ಬರೋ, ಅಷ್ಟೇ. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪೋರ್ಟಲ್, ದಾಖಲೆ ಪರಿಶೀಲನೆ, ಚಾಯ್ಸ್ ಇವೆಲ್ಲ ಗೊತ್ತಿರುವ ಉಪನ್ಯಾಸಕ ಮಿತ್ರರಿಗೆ, ಸೈಬರ್ ಸೆಂಟರ್ ನಡೆಸುವವರಿಗೆ ಬರೆಯುತ್ತಿದ್ದೇನೆ. ಹಾಗಾಗಿ ಅಆಇಈ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ಮೊದಲು ಆ ಹಳೆಯ ಭಯ. "ಮೇಲೆ ಸಿಗದ ಕಾಲೇಜು ಹಾಕಿದರೆ ಕೆಳಗಿನದೂ ಕೈತಪ್ಪುತ್ತೆ" ಎಂದು ಈಗಲೂ ಪೋಷಕರು ಹೇಳುತ್ತಾರೆ. ತಪ್ಪುವುದಿಲ್ಲ. ರ‍್ಯಾಂಕಿನ ಸರದಿ ಬಂದಾಗ ಸಾಫ್ಟ್‌ವೇರ್ ಪಟ್ಟಿಯನ್ನು ಮೇಲಿಂದ ನೋಡಿಕೊಂಡು ಬರುತ್ತದೆ, ಮೊದಲು ಖಾಲಿ ಕಂಡದ್ದನ್ನು ಕೊಡುತ್ತದೆ. ಮೇಲಿನ ನಲವತ್ತು ಸಾಲು ಸಿಗದಿದ್ದರೆ ನಲವತ್ತೊಂದನೆಯದನ್ನು ಅದೇ ರ‍್ಯಾಂಕಿನಲ್ಲೇ ನೋಡುತ್ತದೆ. ಆಸೆಗೆ ದಂಡವಿಲ್ಲ. ದಂಡ ಇರುವುದು ಎರಡಕ್ಕೆ: ಕೆಳಗೆ ಸಾಲು ಕಮ್ಮಿಯಾದರೆ, ಮತ್ತು ಬೇಡದ್ದು ಬೇಕಾದ್ದಕ್ಕಿಂತ ಮೇಲೆ ಕೂತರೆ. ನನ್ನ ಪಟ್ಟಿಗಳು ಕೆಟ್ಟಿದ್ದೆಲ್ಲ ಈ ಎರಡರಿಂದಲೇ.

ಶುರುವಿನಲ್ಲಿ ನಾನು ಕಾಲೇಜಿನ ಲೆಕ್ಕದಲ್ಲಿ ಜೋಡಿಸುತ್ತಿದ್ದೆ. ದೊಡ್ಡ ಹೆಸರಿನ ಕಾಲೇಜು, ಅದರ ಎಲ್ಲ ಬ್ರಾಂಚು, ಆಮೇಲೆ ಮುಂದಿನ ಕಾಲೇಜು. ಕಂಪ್ಯೂಟರ್ ಸೈನ್ಸೇ ಬೇಕು ಎಂದಿದ್ದ ಹುಡುಗನಿಗೆ ದೊಡ್ಡ ಕಾಲೇಜಿನ ಸಿವಿಲ್ ಬಂತು. ಎರಡನೇ ದರ್ಜೆಯ ಕಾಲೇಜಿನ ಸಿಎಸ್ ಆರು ಸಾಲು ಕೆಳಗಿತ್ತು, ಅವನ ರ‍್ಯಾಂಕಿಗೆ ಸಿಗುತ್ತಿತ್ತು. ಮಾರನೇ ವರ್ಷ ಹಿಂದಿನ ವರ್ಷದ ಕಟಾಫ್ (ಸೀಟು ಸಿಕ್ಕ ಕೊನೆಯ ರ‍್ಯಾಂಕ್) ಪ್ರಕಾರ ಜೋಡಿಸಿದೆ. ಅದೂ ಮಣ್ಣು. ಕಟಾಫ್ ಎಂದರೆ ಊರಿನವರ ಆಸೆ, ಈ ಮಗುವಿನದಲ್ಲ. ಮೂರನೇ ತಪ್ಪು ಇಪ್ಪತ್ತೆರಡು ಸಾಲಿನ ಪಟ್ಟಿ. ಮೊದಲ ಸುತ್ತಿನಲ್ಲಿ ಏನೂ ಇಲ್ಲ. ಮುಂದಿನ ಸುತ್ತಿಗೆ ಸಾಲುಗಳನ್ನು ಅಳಿಸಬಹುದು, ಹಿಂದೆಮುಂದೆ ಮಾಡಬಹುದು, ಹೊಸದು ಸೇರಿಸಲು ಬಿಡಲಿಲ್ಲ. ಆ ಹುಡುಗನನ್ನು ಮನೆಯವರು ಕಾಮೆಡ್-ಕೆ (ಖಾಸಗಿ ಕಾಲೇಜುಗಳ ಒಕ್ಕೂಟದ ಪ್ರವೇಶ ಪರೀಕ್ಷೆ) ಸೀಟಿಗೆ ಸೇರಿಸಿದರು. ಸಿಇಟಿ ಸೀಟಿಗೆ ಖಾಸಗಿ ಕಾಲೇಜಿನಲ್ಲಿ ವರ್ಷಕ್ಕೆ ಒಂದು ಲಕ್ಷದ ಆಚೀಚೆ, ಕಾಮೆಡ್-ಕೆಯಲ್ಲಿ ಎರಡೂವರೆಯಿಂದ ಮೂರು. ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿ: ನಾನು ಬರೆಸದ ಮೂವತ್ತು ಸಾಲಿನ ಬೆಲೆ ಆರೇಳು ಲಕ್ಷ.

ಈಗಿನ ಪದ್ಧತಿ ಹೀಗೆ.

ಕೆಇಎ ಸೈಟಿನಲ್ಲಿ ಹಿಂದಿನ ವರ್ಷಗಳ ಕಟಾಫ್ ಪಿಡಿಎಫ್ ಸುತ್ತುವಾರು ಸಿಗುತ್ತವೆ. ಮೂರು ವರ್ಷದ್ದು ಇಳಿಸಿಕೊಳ್ಳುತ್ತೇನೆ, ಒಂದೊಂದಕ್ಕೂ ಮೊದಲ ಸುತ್ತಿನದು ಮತ್ತು ಕೊನೆಯ ಸುತ್ತಿನದು. 2021ರದ್ದನ್ನು ಮುಟ್ಟಬೇಡಿ. ಆ ವರ್ಷ ಕೋವಿಡ್‌ನಿಂದ ಪಿಯು ಪರೀಕ್ಷೆ ರದ್ದಾಗಿ ರ‍್ಯಾಂಕನ್ನು ಬರೀ ಸಿಇಟಿ ಅಂಕದ ಮೇಲೆ ಕೊಟ್ಟರು. ಮಾಮೂಲಿ ಅರ್ಧ ಪಿಯು, ಅರ್ಧ ಸಿಇಟಿ ಲೆಕ್ಕಕ್ಕೆ ಅದು ಕೂಡುವುದಿಲ್ಲ. 2022ರಲ್ಲಿ ರಿಪೀಟರ್‌ಗಳ (ಹಿಂದಿನ ವರ್ಷ ಪಿಯು ಮುಗಿಸಿ ಮತ್ತೆ ಸಿಇಟಿ ಬರೆದವರ) ವಿಷಯ ಹೈಕೋರ್ಟಿಗೆ ಹೋಗಿ ರ‍್ಯಾಂಕ್ ಬದಲಾಯಿತು, ಅದೂ ಡೊಂಕು. 2024ರಲ್ಲಿ ಪಠ್ಯಕ್ಕೆ ಹೊರತಾದ ಸುಮಾರು ಐವತ್ತು ಪ್ರಶ್ನೆ ಕೈಬಿಟ್ಟು ಮೌಲ್ಯಮಾಪನ ಮಾಡಿದರು. ಆ ವರ್ಷದ ಅಂಕ ನೋಡಿ ಈ ವರ್ಷದ ರ‍್ಯಾಂಕ್ ಊಹಿಸಲು ಹೋಗಬೇಡಿ; ಕಟಾಫ್ ರ‍್ಯಾಂಕು ಮಾತ್ರ ಬಳಸಿ.

ಪಿಡಿಎಫ್‌ನಿಂದ ಎಕ್ಸೆಲ್‌ಗೆ ತಂದಾಗ ಅಂಕಣಗಳು ಸರಿದುಹೋಗುತ್ತವೆ. ಉದ್ದದ ಬ್ರಾಂಚ್ ಹೆಸರು ಎರಡು ಸಾಲಿಗೆ ಮುರಿದು ಕೆಳಗಿನ ಕಾಲೇಜಿನ ಸಂಖ್ಯೆ ಮೇಲಿನದಕ್ಕೆ ಅಂಟಿಕೊಳ್ಳುತ್ತದೆ. ಒಂದು ಸಲ ಅವಸರದಲ್ಲಿ ಒಂದೇ ಅಂಕಣವನ್ನು ಸಾರ್ಟ್ ಮಾಡಿದೆ, ಕೋಡ್ ಒಂದು ಕಡೆ, ಹೆಸರು ಒಂದು ಕಡೆ ಆಯಿತು. ಪುಣ್ಯಕ್ಕೆ ಅಣಕು ಹಂಚಿಕೆಯಲ್ಲಿ (ನಿಜದ ಸುತ್ತಿಗೆ ಮುಂಚಿನ ಪ್ರಾಯೋಗಿಕ ಹಂಚಿಕೆ) ಗೊತ್ತಾಯಿತು: ಹುಡುಗಿಗೆ ತುಮಕೂರು ರಸ್ತೆಯ, ಅವಳು ಹೆಸರೇ ಕೇಳದ ಕಾಲೇಜು ಬಂದಿತ್ತು. ಅಂದಿನಿಂದ ಪೋರ್ಟಲ್‌ಗೆ ಹಾಕಿದ ಮೇಲೆ ಒಬ್ಬರು ಕೋಡ್ ಓದುತ್ತಾರೆ, ಇನ್ನೊಬ್ಬರು ಹೆಸರು ಓದುತ್ತಾರೆ. ನೂರೈವತ್ತು ಸಾಲಿಗೆ ಇಪ್ಪತ್ತೈದು ನಿಮಿಷ.

ಯಾವ ಅಂಕಣ ನೋಡಬೇಕು ಎಂಬುದರಲ್ಲೂ ಎಡವುತ್ತಾರೆ. ಹಿಂದುಳಿದ ವರ್ಗದ ಪ್ರವರ್ಗ 2ಎ ಹುಡುಗನಿಗೆ 2ಎಜಿ (2ಎ ಸಾಮಾನ್ಯ) ಒಂದೇ ಅಲ್ಲ, ಜಿಎಂ (ಮೀಸಲಾತಿ ಇಲ್ಲದ ಸಾಮಾನ್ಯ ಅರ್ಹತೆ) ಕೂಡ ತೆರೆದಿದೆ. ಗ್ರಾಮೀಣ ಇದ್ದರೆ 2ಎಆರ್, ಕನ್ನಡ ಮಾಧ್ಯಮ ಇದ್ದರೆ 2ಎಕೆ. ಅರ್ಹತೆ ಇರುವ ಅಂಕಣಗಳಲ್ಲಿ ದೊಡ್ಡ ಸಂಖ್ಯೆಯೇ ಅವನ ಕಟಾಫ್. ಆದರೆ ಕೆ ಅಂಕಣವನ್ನು ನೆಚ್ಚಿ ಕೂರಬೇಡಿ. ಒಂದು ಬ್ರಾಂಚಿನಲ್ಲಿ ಒಂದೋ ಎರಡೋ ಸೀಟು ಇರುವ ಕಡೆ ಒಂದು ವರ್ಷ 40,000 ಇದ್ದದ್ದು ಮಾರನೇ ವರ್ಷ 90,000 ಆಗುತ್ತದೆ, ಮತ್ತೊಂದು ವರ್ಷ 25,000ಕ್ಕೆ ಇಳಿಯುತ್ತದೆ. ಅಲ್ಲಿ ಮೂರು ವರ್ಷದ ಸರಾಸರಿಗೆ ಅರ್ಥವಿಲ್ಲ, ತೀರಾ ಕೆಟ್ಟ ವರ್ಷದ್ದನ್ನೇ, ಅಂದರೆ ಎಲ್ಲಕ್ಕಿಂತ ಚಿಕ್ಕ ಸಂಖ್ಯೆಯನ್ನೇ ತೆಗೆದುಕೊಳ್ಳುತ್ತೇನೆ.

ಉದಾಹರಣೆಗೆ ರ‍್ಯಾಂಕ್ 24,000 ಎಂದುಕೊಳ್ಳಿ. ಕಟಾಫ್ 14,000ಕ್ಕಿಂತ ಕಮ್ಮಿ ಇರುವವು ಹತ್ತು ಸಾಲು, ಆಸೆಗೆ. 14ರಿಂದ 24 ಸಾವಿರದವು ಮೂವತ್ತು. 24ರಿಂದ 36 ಸಾವಿರದವು ಐವತ್ತು. ಸೀಟು ಬೀಳುವುದು ಹೆಚ್ಚಾಗಿ ಇಲ್ಲೇ. 36ರಿಂದ 70 ಸಾವಿರದವು ಉಳಿದ ಅರವತ್ತು. ಈ ಗುಂಪುಗಳು ಇರುವುದು ಕೆಳಗೆ ಆಸರೆ ಸಾಕಷ್ಟಿದೆಯೇ ಎಂದು ಎಣಿಸಲು ಮಾತ್ರ. ಜೋಡಣೆಗೆ ಇವನ್ನು ಬಳಸಿದರೆ ಮತ್ತೆ ನನ್ನ ಎರಡನೇ ವರ್ಷದ ತಪ್ಪೇ. ಹಿಂದಿನ ಮೊದಲ ಸುತ್ತಿನಲ್ಲೇ ಸಿಗುತ್ತಿದ್ದುದಕ್ಕೆ ಹಸಿರು, ಕೊನೆಯ ಸುತ್ತಿನಲ್ಲಿ ಮಾತ್ರ ಸಿಗುತ್ತಿದ್ದುದಕ್ಕೆ ಹಳದಿ ಬಳಿಯುತ್ತೇನೆ. ಹೊಸದಾಗಿ ಶುರುವಾದ ಬ್ರಾಂಚಿಗೆ ಹಳೆಯ ಕಟಾಫ್ ಇರುವುದಿಲ್ಲ. ಅದೇ ಕಾಲೇಜಿನ ಹತ್ತಿರದ ಬ್ರಾಂಚಿನ ಸಂಖ್ಯೆಯನ್ನು ಒಂದಿಷ್ಟರಿಂದ ಗುಣಿಸಿ ಹಾಕುತ್ತೇನೆ. ಎಷ್ಟರಿಂದ ಎಂದು ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನಾಲ್ಕು ವರ್ಷ ಹಿಡಿದಿದೆ, ನೀವೂ ಒಂದೆರಡು ವರ್ಷ ಒದ್ದಾಡಿ.

ಜೋಡಣೆಗೆ ಚೀಟಿ. ಹಳೇ ಮದುವೆ ಕರೆಯೋಲೆಯ ದಪ್ಪ ಕಾಗದವನ್ನು ಕಾಲೇಜಿನ ಐಡಿ ಕಾರ್ಡಿನಷ್ಟು ಕತ್ತರಿಸಿ, ಒಂದೊಂದರ ಮೇಲೆ ಕಾಲೇಜು, ಬ್ರಾಂಚು, ಕೋಡು, ವರ್ಷದ ಶುಲ್ಕ, ಮನೆಯಿಂದ ಹೋಗಲು ಹಿಡಿಯುವ ಹೊತ್ತು. ಕಟಾಫ್ ಬರೆಯುವುದಿಲ್ಲ; ಕಂಡರೆ ಮಕ್ಕಳು ಅದಕ್ಕೇ ಬಾಗುತ್ತಾರೆ. ಮೊದಲು ನೆಲದ ಮೇಲೆ ಐದು ರಾಶಿ: ಕುಣಿದುಕೊಂಡು ಹೋಗುತ್ತೇನೆ, ಖುಷಿಯಿಂದ ಹೋಗುತ್ತೇನೆ, ಹೋಗುತ್ತೇನೆ, ಹೋಗಬೇಕಾದರೆ ಹೋಗುತ್ತೇನೆ, ಹೋಗುವುದೇ ಇಲ್ಲ. ಐದನೆಯದನ್ನು ಅಲ್ಲೇ ಹರಿದು ಹಾಕಿಸುತ್ತೇನೆ. ಆಮೇಲೆ ಒಂದೊಂದು ರಾಶಿಯೊಳಗೆ ಎರಡೆರಡು ಚೀಟಿ ಹಿಡಿದು ಒಂದೇ ಪ್ರಶ್ನೆ: "ಎರಡೂ ಕೈಗೆ ಬಂದಿದೆ, ಯಾವುದಕ್ಕೆ ಹೋಗ್ತೀಯ?" ಹೊಸ ಚೀಟಿಯನ್ನು ಜೋಡಿಸಿದ ಸಾಲಿನ ನಡುವಿನದರ ಜೊತೆ ಹೋಲಿಸಿ, ಮೇಲಕ್ಕೋ ಕೆಳಕ್ಕೋ ಸರಿಸಿದರೆ ನಾಲ್ಕೈದು ಪ್ರಶ್ನೆಗೆ ಜಾಗ ಸಿಗುತ್ತದೆ. ಎಲ್ಲಾ ಸೇರಿ ಎರಡೂವರೆ ಗಂಟೆ. ಆ ಹೊತ್ತಿನಲ್ಲಿ ಅಪ್ಪ ಅಮ್ಮ ಒಳಗೆ ಇರಕೂಡದು. ಅವರ ಮಾತು ಮಾರನೇ ದಿನ. ಆಗ ಹೆಚ್ಚೆಂದರೆ ಹತ್ತು ಚೀಟಿ ಜಾಗ ಬದಲಿಸುತ್ತವೆ, ಬಹುಪಾಲು ಶುಲ್ಕದ ಕಾರಣಕ್ಕೆ.

ಶುಲ್ಕದ ವಿಷಯಕ್ಕೆ ಬಂದರೆ, ಕೆಲವು ಹಳೆಯ ಕಾಲೇಜುಗಳಲ್ಲಿ ಅನುದಾನಿತ ಸೀಟು ಬೇರೆ, ಅನುದಾನರಹಿತ ಬೇರೆ. ಬೆಂಗಳೂರಿನ ಬಿಎಂಎಸ್, ಮೈಸೂರಿನ ಎನ್‌ಐಇ, ಹಾಸನದ ಮಲ್ನಾಡ್, ಮಂಡ್ಯದ ಪಿಇಎಸ್ ಇಂಥವು. ಅದೇ ಕಟ್ಟಡ, ಅವರೇ ಮೇಷ್ಟ್ರು, ಶುಲ್ಕ ಅರ್ಧಕ್ಕಿಂತ ಕಮ್ಮಿ. ಎರಡನ್ನೂ ಹುಡುಕಿ, ಅನುದಾನಿತವನ್ನು ಒಂದು ಸಾಲು ಮೇಲೆ ಹಾಕಿ. ಕೆ.ಆರ್. ವೃತ್ತದ ಯುವಿಸಿಇ 1917ರಿಂದ ಇರುವ ಸರ್ಕಾರಿ ಕಾಲೇಜು. ಶುಲ್ಕ ನೋಡಿದ ಮೇಲೆ ಅದರ ಚೀಟಿ ಮೇಲಕ್ಕೆ ಏರದ ಮನೆ ನಾನು ಕಂಡಿಲ್ಲ. ಇನ್ನು ಎಸ್‌ಎನ್‌ಕ್ಯು: ಆದಾಯ ಮಿತಿಯೊಳಗಿನವರಿಗೆ ಬೋಧನಾ ಶುಲ್ಕ ಬಿಡುವ ಹೆಚ್ಚುವರಿ ಶೇ 5 ಸೀಟು. ಅರ್ಜಿಯಲ್ಲೇ ಕೇಳಿಕೊಳ್ಳದಿದ್ದರೆ ಆಮೇಲೆ ಎಷ್ಟು ಅಲೆದರೂ ಇಲ್ಲ. ಸೇರುವ ದಿನ ಕಾಲೇಜಿನ ಕೌಂಟರಿನಲ್ಲಿ "ಇತರೆ" ಎಂದು ಇಪ್ಪತ್ತು ಮೂವತ್ತು ಸಾವಿರ ಕೇಳುವುದುಂಟು. ರಸೀದಿ ಕೇಳಿದರೆ ಮೊತ್ತ ಕೆಲವೊಮ್ಮೆ ತಾನಾಗಿ ಕರಗುತ್ತದೆ.

ಹೋಗಲು ಹಿಡಿಯುವ ಹೊತ್ತು ಒಂದು ಪಕ್ಕದ ಪ್ರಯೋಗವಾಗಿ ಶುರುವಾಯಿತು. ಪಟ್ಟಿಯಲ್ಲಿ "ಬೆಂಗಳೂರು" ಎಂದಿರುವುದು ಹೊಸಕೋಟೆಯ ಆಚೆಯೂ ಇರಬಹುದು, ಆನೇಕಲ್ ಕಡೆಯೂ ಇರಬಹುದು. ಗೂಗಲ್ ಮ್ಯಾಪ್ ಭಾನುವಾರ ತೋರಿಸಿದ 50 ನಿಮಿಷ ನಂಬಿ ಕೆಟ್ಟವರಿದ್ದಾರೆ. ಒಂದು ವರ್ಷ ವಿಜಯನಗರ ಸುತ್ತಮುತ್ತಲಿನ ಆರು ಮಕ್ಕಳನ್ನು ಸೋಮವಾರ ಬೆಳಗ್ಗೆ 7.15ಕ್ಕೆ ಹೊರಡಿಸಿ, ಒಬ್ಬೊಬ್ಬರು ಎರಡೆರಡು ಕಾಲೇಜಿನ ಗೇಟು ಮುಟ್ಟಿ ಬರಲು ಹೇಳಿದೆ. ಚಲ್ಲಘಟ್ಟದವರೆಗಿನ ನೇರಳೆ ಮಾರ್ಗ, ಕನಕಪುರ ರಸ್ತೆಯ ಹಸಿರು ಮಾರ್ಗ ಹಿಡಿದವರು ಒಂದು ಗಂಟೆಯೊಳಗೆ ತಲುಪಿದರು. ಯಲಹಂಕದ ಆಚೆಗೆ, ಮೆಟ್ರೊ ಇಲ್ಲದ ಕಡೆಗೆ ಹೋದವರು ಎರಡು ಗಂಟೆ ದಾಟಿದರು. ಸಂಜೆ ಹನ್ನೊಂದು ಚೀಟಿ ಕೆಳಗಿಳಿದವು. ಕಾಲೇಜು ಬಸ್ಸು ಎಂದರೆ ವರ್ಷಕ್ಕೆ ಮೂವತ್ತು ನಲವತ್ತು ಸಾವಿರ; ಅದನ್ನೂ ಚೀಟಿಯ ಶುಲ್ಕಕ್ಕೆ ಕೂಡಿಸಿ ಬರೆಯಿರಿ.

ಇನ್ನೊಂದು ಪ್ರಯೋಗ ಕೈಕೊಟ್ಟಿತು. ರ‍್ಯಾಂಕ್ ಹಾಕಿದರೆ ಕಾಲೇಜು ಹೇಳುವ ಆ್ಯಪ್‌ಗಳಿವೆಯಲ್ಲ, ನಾಲ್ಕಕ್ಕೆ ಹಿಂದಿನ ವರ್ಷ ನಿಜವಾಗಿ ಸೀಟು ಪಡೆದವರ ರ‍್ಯಾಂಕ್ ಕೊಟ್ಟು ನೋಡಿದೆ. ನಾಲ್ಕೂ ನಾಲ್ಕು ದಾರಿ. ಜಿಎಂ ಮಟ್ಟಿಗೆ ಪರವಾಗಿಲ್ಲ, ಗ್ರಾಮೀಣ, ಕನ್ನಡ ಮಾಧ್ಯಮ ಬಂದ ಕೂಡಲೇ ದಿಕ್ಕೆಟ್ಟವು. ಇದಕ್ಕೆ ಹದಿನೈದು ಇಪ್ಪತ್ತು ಸಾವಿರ ತೆಗೆದುಕೊಳ್ಳುವ ಕೌನ್ಸೆಲರ್‌ಗಳೂ ಬಹುಪಾಲು ಇಂಥದ್ದನ್ನೇ ಪ್ರಿಂಟ್ ತೆಗೆದು ಕೊಡುತ್ತಾರೆ. ನನ್ನ ಪಟ್ಟಿಗೆ ಖರ್ಚು ಪ್ರಿಂಟಿನ ಐವತ್ತು ಅರವತ್ತು ರೂಪಾಯಿ.

ಅಣಕು ಹಂಚಿಕೆ ನೋಡಿ ಹಿಗ್ಗಬೇಡಿ. ಆ ಹೊತ್ತಿಗೆ ಎಷ್ಟೋ ಜನ ಅರ್ಧಂಬರ್ಧ ಪಟ್ಟಿ ಹಾಕಿರುತ್ತಾರೆ, ಆದ್ದರಿಂದ ಅಲ್ಲಿ ಬಂದ ಸೀಟು ನಿಜದ ಸುತ್ತಿನಲ್ಲಿ ಜಾರುವುದು ಮಾಮೂಲು. ಅದರ ಉಪಯೋಗ ಬೇರೆ: ಪಟ್ಟಿ ಸೇವ್ ಆಗಿದೆಯೇ, ಮೀಸಲಾತಿ ಸರಿ ಕೂತಿದೆಯೇ ಎಂದು ನೋಡಲು.

ಮೀಸಲಾತಿ ಕೂರದಿರುವುದಕ್ಕೆ ಕಾರಣ ಪಟ್ಟಿಯಲ್ಲಿ ಇರುವುದಿಲ್ಲ, ಡಿಸೆಂಬರಿನಲ್ಲಿ ಇರುತ್ತದೆ. ಆಗಲೇ ಜಾತಿ, ಆದಾಯ ಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಮೂರು ವಾರ ಹಿಡಿದುಕೊಳ್ಳಿ. 2ಎ, 2ಬಿ, 3ಎ, 3ಬಿಯವರಿಗೆ ನಮೂನೆ ಎಫ್, ಪ್ರವರ್ಗ 1ಕ್ಕೆ ಇ, ಪರಿಶಿಷ್ಟರಿಗೆ ಡಿ. ಆ ಪತ್ರದ ಮೇಲಿನ ಆರ್‌ಡಿ ಸಂಖ್ಯೆ ಹಾಕಿದಾಗ ಹೆಸರು ತಾಳೆಯಾಗಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಆರ್‌ಡಿಯಲ್ಲಿ ಇಲ್ಲವೇ ಇಲ್ಲ ಎಂಬ ಮಕ್ಕಳೇ ಹೆಚ್ಚು. ಅಂಕಪಟ್ಟಿಯಲ್ಲಿ ಇರುವಂತೆಯೇ ಉಳಿದದ್ದನ್ನು ಮಾಡಿಸಿ, ಅಂಕಪಟ್ಟಿ ತಿದ್ದಿಸಲು ಹೋಗಬೇಡಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮಕ್ಕೆ ಒಂದರಿಂದ ಹತ್ತು, ಹತ್ತೂ ವರ್ಷ ಬೇಕು. ಶಾಲೆ ಮೂರಿದ್ದರೆ ಪ್ರಮಾಣಪತ್ರವೂ ಮೂರು, ಮುಖ್ಯೋಪಾಧ್ಯಾಯರ ಸಹಿಯ ಕೆಳಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ. ಮೇಲುಸಹಿ ಇದ್ದು ಮೊಹರು ಇಲ್ಲದ ಒಂದೇ ಹಾಳೆಯಿಂದ ಒಬ್ಬ ಹುಡುಗ ಕೆ ಕಳೆದುಕೊಂಡು ಜಿ ಆದ. ಏಪ್ರಿಲ್ ಮೇನಲ್ಲಿ ಶಾಲೆಗೆ ಬೀಗ, ಆಗ ಹಳ್ಳಿಗೆ ಬಸ್ಸು ಹತ್ತಿ ಪ್ರಯೋಜನವಿಲ್ಲ.

ಅರ್ಜಿಗೆ ಮನೆಯವರದೇ ಮೊಬೈಲ್ ಸಂಖ್ಯೆ ಕೊಡಿ. ಸೈಬರ್ ಮಿತ್ರರು ಬೇಸರಿಸಬೇಡಿ, ನಿಮ್ಮ ಸಂಖ್ಯೆ ಹಾಕಿದರೆ ಓಟಿಪಿಗೆ ಹುಡುಗ ಆಪ್ಷನ್ ಎಂಟ್ರಿಯ ಕೊನೆಯ ರಾತ್ರಿ ನಿಮ್ಮ ಶಟರ್ ತಟ್ಟುತ್ತಾನೆ. ಬೇರೆಯವರ ಲಾಗಿನ್ ಬಳಸಿ ಸೀಟು ಹಿಡಿದಿಟ್ಟ 2024ರ ಸೀಟ್ ಬ್ಲಾಕಿಂಗ್ ಪ್ರಕರಣ ಆದಮೇಲಂತೂ ಪಾಸ್‌ವರ್ಡ್ ಬೇರೆಯವರ ಹತ್ತಿರ ಇರುವುದೇ ಬೇಡ.

ಸೀಟು ಬಂದ ಮೇಲೆ ಅದನ್ನು ಏನು ಮಾಡುತ್ತೀರಿ ಎಂದು ಹೇಳುವ ಚಾಯ್ಸ್‌ಗಳಲ್ಲಿ ಕೆಡುವುದು ಎರಡನೆಯದು. ಚಾಯ್ಸ್ 2 ಎಂದರೆ ಈ ಸೀಟು ಇರಲಿ, ಪಟ್ಟಿಯಲ್ಲಿ ಇದಕ್ಕಿಂತ ಮೇಲಿನದು ಸಿಕ್ಕರೆ ಕೊಡಿ ಎಂದು. ಮೇಲಿನದು ಸಿಕ್ಕ ಕ್ಷಣ ಹಳೆಯದು ಹೋಯಿತು, ವಾಪಸ್ಸಿಲ್ಲ. ಜೂನ್‌ನಲ್ಲಿ ಮಗು ಆಸೆಪಟ್ಟ ಕಾಲೇಜು ಆಗಸ್ಟ್‌ನಲ್ಲಿ ಬೇಡವಾಗಿರಬಹುದು. ಹಾಗಾಗಿ ಚಾಯ್ಸ್ 2 ಒತ್ತಿದ ದಿನವೇ, ಸಿಕ್ಕ ಸೀಟಿಗಿಂತ ಮೇಲಿನ ಚೀಟಿಗಳನ್ನಷ್ಟೇ ಮತ್ತೆ ನೆಲದ ಮೇಲೆ ಹರಡಿ ಅದೇ ಪ್ರಶ್ನೆ ಕೇಳುತ್ತೇನೆ. "ಇದನ್ನು ಬಿಟ್ಟು ಅದಕ್ಕೆ ಹೋಗ್ತೀಯಾ?" ಒಂದು ಕ್ಷಣ ತಡವರಿಸಿದರೂ ಆ ಸಾಲು ಪೋರ್ಟಲ್‌ನಿಂದ ಡಿಲೀಟ್. ಮೊನ್ನೆ ಒಬ್ಬಳು ನಲವತ್ತರಲ್ಲಿ ಮೂವತ್ತೊಂದು ಅಳಿಸಿದಳು. ಉಳಿದ ಒಂಬತ್ತರಲ್ಲಿ ಆರನೆಯದು ಎರಡನೇ ಸುತ್ತಿನಲ್ಲಿ ಬಂತು. ಚೀಟಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಅವಳೇ ತಂದುಕೊಟ್ಟಿದ್ದಾಳೆ. ಹಿಂಬದಿ ಖಾಲಿ ಇದೆ, ಮುಂದಿನ ವರ್ಷಕ್ಕೆ ಆಗುತ್ತವೆ.