ಚೈನ್ ಸಾ ಏರ್ ಫಿಲ್ಟರ್: ಯಾವುದು ತಗೋಬೇಕು, ಹೆಂಗ ತೊಳಿಬೇಕು

ಮಷಿನ್ ಎರಡ ಸಲ ಹಗ್ಗ ಜಗ್ಗಿದ್ರ ಚಾಲೂ ಆಗ್ತೈತಿ, ಸ್ಲೋ ಒಳಗ ಛಲೋನೂ ಓಡ್ತೈತಿ, ಆದ್ರ ಕಟಗಿಗೆ ಹಚ್ಚಿ ರೇಸ್ ಕೊಟ್ರ ಗೊರ್ ಗೊರ್ ಅಂತ ಕುಂದರ್ತೈತಿ, ಮ್ಯಾಲ ಕರೀ ಹೊಗಿ ಬ್ಯಾರೆ. ಹಿಂಗ ಆತಂದ್ರ ನಮ್ಮ ಕಡೆ ಭಾಳ ಮಂದಿ ಮೊದಲ ಸ್ಕ್ರೂಡ್ರೈವರ್ ಹುಡುಕ್ತಾರ, ಕಾರ್ಬೋರೇಟರ್, ಅಂದ್ರ ಹವಾಕ್ಕ ಪೆಟ್ರೋಲ್ ಕೂಡಿಸೋ ಭಾಗದ ಸ್ಕ್ರೂ ತಿರುವಾಕ. ತಿರುವಬ್ಯಾಡ್ರಿ. ಮೊದಲ ಮ್ಯಾಲಿನ ಕವರ್ ತಗದು ಏರ್ ಫಿಲ್ಟರ್ ನೋಡ್ರಿ.

ಯಾಕಂತ ಹೇಳ್ತೇನಿ ಕೇಳ್ರಿ. ನಮ್ಮ ಕಾಕಾನ ಮಗ ಬೀಳಗಿ ಕಡೆ ಹೊಲದ ಒಡ್ಡಿನ ಮ್ಯಾಲಿನ ಬಳ್ಳಾರಿ ಜಾಲಿ ಕಡಿಯಾಕ ಒಂದು 58 ಸಿಸಿ ಮಷಿನ್ ತಗೊಂಡಿದ್ದ. ಎರಡು ವಾರ ಫಿಲ್ಟರ್ ಕಡೆ ತಿರುಗಿ ನೋಡಿರಲಿಲ್ಲ. ದಮ್ಮ ಕಡಿಮಿ ಆತು ಅಂತ ಒಬ್ಬ ಮೇಸ್ತ್ರಿ ಕಡೆ ಒಯ್ದ, ಅಂವ ಫಿಲ್ಟರ್ ಬಿಚ್ಚದನ ಸ್ಕ್ರೂ ಒಳಗ ತಿರುವಿ ಪೆಟ್ರೋಲ್ ಕಡಿಮಿ ಮಾಡಿ ಕೊಟ್ಟ, ಮಷಿನ್ ಹೊಸದರಂಗ ಓಡ್ತು. ಮೂರು ದಿನಾ ಆದ ಮ್ಯಾಲ ಇವಗ ಬುದ್ಧಿ ಬಂದು ಫಿಲ್ಟರ್ ತೊಳದು ಹಾಕಿದ. ಈಗ ಹವಾ ಪೂರ್ತಿ ಬರಾಕತ್ತು, ಪೆಟ್ರೋಲ್ ಮಾತ್ರ ಮೇಸ್ತ್ರಿ ಇಟ್ಟಷ್ಟ. ಟೂ ಸ್ಟ್ರೋಕ್ ಇಂಜಿನ್ನಿಗೆ ಎಣ್ಣಿ ಹೋಗೂದ ಪೆಟ್ರೋಲ್ ಜೋಡಿ, ಪೆಟ್ರೋಲ್ ಕಡಿಮಿ ಅಂದ್ರ ಎಣ್ಣಿನೂ ಕಡಿಮಿ, ಬಿಸಿ ಜಾಸ್ತಿ. ಹುಣಸಿ ಗಿಡದ ಬೊಡ್ಡಿ ಕೊಯ್ಯುವಾಗ ಕೀಂ ಅಂತ ಚೀರಿ ನಿಂತ ಬಿಡ್ತು, ಹಗ್ಗ ಜಗ್ಗಿದ್ರ ಬರವಲ್ದು. ಬಿಚ್ಚಿ ನೋಡಿದ್ರ ಪಿಸ್ಟನ್ ಬೋರಿಗೆ, ಅಂದ್ರ ಸಿಲಿಂಡರಿನ ಒಳಮೈಗೆ, ಹತ್ತಿ ಹಿಡಕೊಂಡಿತ್ತು. ತೊಳದದ್ದು ತಪ್ಪಲ್ಲ, ಕಟ್ಟಿದ ಫಿಲ್ಟರಿಗೆ ಹೊಂದಿಸಿ ಸ್ಕ್ರೂ ತಿರುವಿದ್ದು ತಪ್ಪು. ಅದಕ್ಕ ಯಾವತ್ತೂ ಫಿಲ್ಟರ್ ಮೊದಲ, ಸ್ಕ್ರೂ ಆಮ್ಯಾಲ.

ಫಿಲ್ಟರ್ ಕಟ್ಟಿದ್ರ ಆಗೂದು ಇಷ್ಟ: ಹವಾ ಕಡಿಮಿ ಬರ್ತೈತಿ, ಪೆಟ್ರೋಲ್ ಹೆಚ್ಚಾಗ್ತೈತಿ, ಪ್ಲಗ್ ಕರ್ರಗ ಮಸಿ ಹಿಡಿತೈತಿ, ಟ್ಯಾಂಕ್ ಲಗೂನ ಖಾಲಿ ಆಗ್ತೈತಿ. ಇದು ಬಿಚ್ಚಿ ತೊಳದ್ರ ಸರಿ ಹೋಗೋ ರೋಗ. ಫಿಲ್ಟರ್ ಹರಿದ್ರ ಮಾತ್ರ ಕಥಿ ಬ್ಯಾರೆ, ಮಣ್ಣು ಸೀದಾ ಪಿಸ್ಟನ್ನಿಗೆ ಹೋಗಿ ಅರಾ ಹಾಕಿ ತಿಕ್ಕಿದಂಗ ತಿಕ್ಕತೈತಿ, ಕಂಪ್ರೆಷನ್, ಅಂದ್ರ ಸಿಲಿಂಡರ್ ಒಳಗಿನ ಒತ್ತಡ, ಹೋಗ್ತೈತಿ, ಮಷಿನ್ ನಿಂದರೋತನಕ ನಿಮಗ ಗೊತ್ತೂ ಆಗಂಗಿಲ್ಲ.

ಇನ್ನ ಯಾವ ಫಿಲ್ಟರ್ ತಗೋಬೇಕು ಅನ್ನೋದಕ್ಕ ನೀವು ಎಲ್ಲಿ ಕೊಯ್ತೀರಿ ಅನ್ನೋದು ನೋಡಬೇಕು. ಖಾನಾಪುರ, ಲೋಂಡಾ ಕಡೆ ಹಸಿ ಕಟಗಿ, ಮಳಿನೂ ಭಾಳ, ಅಲ್ಲಿ ಪುಡಿ ದಪ್ಪಗ ತೇವ ಇರ್ತೈತಿ. ನಮ್ಮ ಬಾಗಲಕೋಟಿ, ಇಂಡಿ, ಸಿಂದಗಿ ಕಡೆ ಹಂಗಲ್ಲ, ಒಣಾ ಜಾಲಿ, ಒಣಾ ಬೇವು, ಬ್ಯಾಸಿಗಿ ಒಳಗ ತೊಗಟಿ ಮ್ಯಾಲ ಎರಿ ಮಣ್ಣಿನ ಧೂಳು ಹಿಟ್ಟು ಜರಡಿ ಹಿಡದಂಗ ಕುಂತಿರ್ತೈತಿ, ಚೈನ್ ಹಚ್ಚಿದ ಕೂಡ್ಲೆ ಅದೆಲ್ಲ ಮಷಿನ್ ಬಾಯಿಗೆ. ಕಟಗಿ ಪುಡಿಕಿಂತ ಈ ಮಣ್ಣಿನ ಧೂಳ ಇಂಜಿನ್ನಿಗೆ ವೈರಿ.

ನೈಲಾನ್ ಜಾಳಗಿದು ಎಲ್ಲಾರ ಕಡೆ ಇರೂದು, ಚೀನಾ 52, 58 ಸಿಸಿ ಮಷಿನ್ನಿಗೆ ಇದ ಬರ್ತೈತಿ, ಎರಡು ತುಂಡು ಕೂಡಿಸಿ ಒತ್ತಿದ್ದು. ತೊಳಿಯಾಕ ಭಾಳ ಹಗುರ, ಲಗೂನ ಒಣಗ್ತೈತಿ, ಹಸಿ ಕಟಗಿಗೆ ಇದ ಛಲೋ. ಹಸ್ಕ್‌ವರ್ನಾ ಮಷಿನ್ನಿನ ನೈಲಾನ್ ಫಿಲ್ಟರ್ ಒಳಗ 44, 80 ಅಂತ ಮೈಕ್ರಾನ್ ಲೆಕ್ಕ, ಅಂದ್ರ ಜಾಳಗಿ ತೂತಿನ ಅಳತಿ, ಇರ್ತೈತಿ, ನಂಬರ್ ಸಣ್ಣದಾದಷ್ಟು ಜಾಳಗಿ ಸಣ್ಣ, ಧೂಳು ಜಾಸ್ತಿ ಹಿಡಿತೈತಿ ಮತ್ತ ಲಗೂನ ಕಟ್ಟತೈತಿ. ಸೋವಿ ಮಷಿನ್ನಿನ ಜಾಳಗಿಗೆ ಇಂಥಾ ಲೆಕ್ಕ ಯಾರೂ ಬರದಿರಂಗಿಲ್ಲ, ಬೆಳಕಿಗೆ ಹಿಡದು ಕಣ್ಣಿಲೆ ನೋಡೂದ ಅಷ್ಟ.

ಒಣಾ ಧೂಳಿಗೆ ಫೆಲ್ಟ್, ಅಂದ್ರ ಮುಟ್ಟಿದ್ರ ಕಂಬಳಿ ಹಂಗ ಮೆತ್ತಗ ಇರೂದು, ಭಾಳ ಛಲೋ. ಸಣ್ಣ ಧೂಳು ಹಿಡಿತೈತಿ ಆದ್ರ ತೊಳದ ಮ್ಯಾಲ ಒಣಗಾಕ ರಾತ್ರಿ ಪೂರ್ತಿ ಬೇಕು, ಬ್ರಷ್ ಹಾಕಿ ಜೋರ ತಿಕ್ಕಿದ್ರ ಎಳಿ ಎದ್ದು ಬರ್ತಾವ. ಸ್ಟಿಲ್ ಕಂಪನಿಯವರ ಎಚ್‌ಡಿ2 ಅಂತೊಂದು ಫಿಲ್ಟರ್ ಐತಿ, ಸಣ್ಣ ಧೂಳೂ ಹಿಡಿತೈತಿ, ತೊಳಿಯಾಕೂ ಬರ್ತೈತಿ, ನಿಮ್ಮ ಮಾಡೆಲ್ಲಿಗೆ ಕುಂದರೋದಾದ್ರ ರೊಕ್ಕದ ಮಾರಿ ನೋಡಬ್ಯಾಡ್ರಿ. ಫೋಮ್, ಅಂದ್ರ ಸ್ಪಂಜಿಂದು, ಕೆಲವು ಮಷಿನ್ನಿಗೆ ಐತಿ, ಅದನ್ನ ಆಮ್ಯಾಲ ಹೇಳ್ತೇನಿ. ಪೇಪರ್ ಫಿಲ್ಟರ್ ತೊಳಿಯೋದಲ್ಲ, ಝಾಡಿಸಿ ಹಾಕೂದು, ಹೊಲಸಾದ್ರ ಒಗಿಯೂದು.

ಅಂಗಡ್ಯಾಗ ತಗೊಳ್ಳುವಾಗ ನನ್ನ ಲೆಕ್ಕದಾಗ ಜಾಳಗಿಕಿಂತ ಅಂಚು ಮುಖ್ಯ. ಹಳೇದು ಕೈಯಾಗ ಹಿಡಕೊಂಡ ಹೋಗ್ರಿ, ಹೊಸಾದರ ಬಾಯಿ ಹಳೇದರ ಬಾಯಿಗೆ ಕೂಡಿಸಿ ನೋಡ್ರಿ. ಡೂಪ್ಲಿಕೇಟ್ ಒಳಗ ಪ್ಲಾಸ್ಟಿಕ್ ಚೌಕಟ್ಟು ಸೊಟ್ಟ ಇರ್ತೈತಿ, ಟೇಬಲ್ ಮ್ಯಾಲ ಇಟ್ರ ಒಂದು ಮೂಲಿ ಎದ್ದು ನಿಂದರ್ತೈತಿ, ಅಂಥಾದ್ದು ಫುಕಟ್ ಕೊಟ್ರೂ ಬ್ಯಾಡ. ಜಾಳಗಿ ಎಷ್ಟ ಸಣ್ಣ ಇದ್ರೇನು, ಹವಾ ಸಂದಿಲಿಂದ ಒಳಗ ಹೊಂಟ್ರ. ತಗೊಂಡ್ರ ಎರಡು ತಗೋರಿ, ಒಂದು ಮಷಿನ್ನಿನ್ಯಾಗ, ಒಂದು ಒಣಗಾಕ.

ಈಗ ತೊಳಿಯೋದು. ಮಷಿನ್ ಬಂದ್ ಮಾಡಿ ಆರಾಕ ಬಿಡ್ರಿ, ಕವರ್ ತಗಿಯೋಕಿಂತ ಮೊದಲ ಅದರ ಸುತ್ತಲಿನ ಪುಡಿ ಬ್ರಷ್‌ಲೆ ಝಾಡಿಸ್ರಿ, ಆಮ್ಯಾಲ ಚೋಕ್ ಹಾಕ್ರಿ. ಈ ಚೋಕ್ ಹಾಕೋ ಮಾತು ಭಾಳ ಮಂದಿಗೆ ಗೊತ್ತಿಲ್ಲ. ಚೋಕ್ ಹಾಕಿದ್ರ ಕಾರ್ಬೋರೇಟರ್ ಬಾಯಿಗೆ ಪತ್ರಾ ಅಡ್ಡ ಬರ್ತೈತಿ, ಫಿಲ್ಟರ್ ಎತ್ತುವಾಗ ಉದುರೋ ಪುಡಿ ಒಳಗ ಬೀಳಂಗಿಲ್ಲ.

ಫಿಲ್ಟರ್ ತಗದು ಕೈಯಾಗ ಹಿಡದು ನೋಡ್ರಿ, ಅದ ಅರ್ಧ ವಿಷಯ ಹೇಳ್ತೈತಿ. ಒಣಾ ಪುಡಿ ಇತ್ತಂದ್ರ ಅಂಗೈ ಮ್ಯಾಲ ಹಗೂರಕ ಬಡದ್ರ ಉದುರಿ ಹೋಗ್ತೈತಿ, ದಿನದ ಕೆಲಸಕ್ಕ ಅಷ್ಟ ಸಾಕು. ಗುರೆಳ್ಳು ಚಟ್ನಿಗೆ ಎಣ್ಣಿ ಹಾಕಿ ಕಲಸಿದಂಗ ಮೆತ್ತಿತ್ತಂದ್ರ ತೊಳಿಯಾಕ ಬೇಕು, ಕಾರ್ಬೋರೇಟರ್ ತಿರುಗಿ ಉಗುಳೋ ಪೆಟ್ರೋಲು ಎಣ್ಣಿ ಪುಡಿ ಜೋಡಿ ಸೇರಿ ಹಂಗಾಗಿರ್ತೈತಿ. ಮತ್ತ ಪುಡಿ ಚೂರು ಚೂರು ಇರದ ಗೋದಿ ಹಿಟ್ಟಿನಂಗ ಸಣ್ಣ ಇತ್ತಂದ್ರ ಫಿಲ್ಟರ್ ಬಯ್ಯಬ್ಯಾಡ್ರಿ, ನಿಮ್ಮ ಚೈನ್ ಮೊಂಡ ಆಗೈತಿ. ಅರಾ ಹಿಡದ ಚೈನ್ ಕಟಗಿ ಕೆತ್ತಿ ಒಗಿತೈತಿ, ಮೊಂಡ ಚೈನ್ ತಿಕ್ಕಿ ಹಿಟ್ಟು ಮಾಡ್ತೈತಿ, ಆ ಹಿಟ್ಟು ಒಂದ ಟ್ಯಾಂಕಿಗೆ ಫಿಲ್ಟರ್ ಕಟ್ಟಿ ಬಿಡ್ತೈತಿ.

ಬುಟ್ಟ್ಯಾಗ ಉಗುರು ಬೆಚ್ಚಗಿನ ನೀರು, ಭಾಂಡೆ ತಿಕ್ಕೋ ಲಿಕ್ವಿಡ್ ನಾಕ ಹನಿ, ಅದ್ರಾಗ ಹತ್ತ ಹದಿನೈದ ನಿಮಿಷ ನೆನಿಯಾಕ ಬಿಡ್ರಿ. ಜಾಳಗಿದು ಇದ್ರ ಎರಡೂ ಭಾಗ ಬಿಡಿಸಿ ಹಲ್ಲು ತಿಕ್ಕೋ ಹಳೇ ಬ್ರಷ್‌ಲೆ ಮೆತ್ತಗ ತಿಕ್ರಿ, ಫೆಲ್ಟಿನದು ಇದ್ರ ಬ್ರಷ್ ಬ್ಯಾಡ, ನೀರಾಗ ಅಲ್ಲಾಡಿಸಿದ್ರ ಸಾಕು. ಆಮ್ಯಾಲ ನಳದ ನೀರು ಒಳಗಿಂದ ಹೊರಗ ಬರೋ ಹಂಗ ಬಿಡ್ರಿ. ಹೊರಗಿಂದ ಬಿಟ್ರ ಹೊಲಸ ಜಾಳಗಿ ಒಳಗ ಹೋಗಿ ಸಿಗ್ತೈತಿ, ಇಂಜಿನ್ ಕಡಿ ಮೈಗೆ ಹತ್ತತೈತಿ.

ಪೆಟ್ರೋಲ್ ಒಳಗ ತೊಳಿಯೋ ಚಟ ನಮ್ಮ ಕಡೆ ಭಾಳ, ನಾನೂ ಮೊದಲ ಹಂಗ ಮಾಡ್ತಿದ್ದೆ. ಎಣ್ಣಿ ಲಗೂನ ಬಿಡ್ತೈತಿ ಖರೆ, ಆದ್ರ ಅಂಚಿನ ಅಂಟು, ಫೆಲ್ಟಿನ ಎಳಿ ಎಲ್ಲಾ ಸಡ್ಲ ಆಗ್ತಾವ, ಬಾಜೂಕ ಯಾರರ ಬೀಡಿ ಹಚ್ಚಿದ್ರ ಅಂತೂ ಕೇಳಬ್ಯಾಡ್ರಿ. ಸೀಮಿಎಣ್ಣಿನೂ ಬ್ಯಾಡ, ಜಿಡ್ಡು ಉಳದು ಧೂಳು ಮತ್ತ ಅಂಟತೈತಿ.

ಪಂಕ್ಚರ್ ಅಂಗಡಿ ಹವಾ ಹಾಕೋದಾದ್ರ ನಳಿಗಿ ದೂರ ಹಿಡದು ಒಳಗಿಂದ ಹೊರಗ ಮೆತ್ತಗ ಊದ್ರಿ. ಹತ್ತರ ಹಿಡದು ಪೂರ್ತಿ ಹವಾ ಬಿಟ್ರ ಜಾಳಗಿ ಅಂಚಿನ್ಯಾಗ ಬಿಡ್ತೈತಿ, ಫೆಲ್ಟಿಗೆ ತೂತು ಬೀಳ್ತೈತಿ. ಆ ತೂತು ಸೂಜಿ ಮನಿಯಷ್ಟ ಇರ್ತೈತಿ, ಬಿಸಿಲಿಗೆ ಹಿಡದು ನೋಡಿದ್ರ ಮಾತ್ರ ಕಾಣತೈತಿ.

ಒಣಗಸೂದು ನೆಳ್ಳಾಗ. ಸೈಲೆನ್ಸರ್ ಮ್ಯಾಲ, ಒಲಿ ಬಾಜೂಕ, ಟ್ರ್ಯಾಕ್ಟರ್ ಬಾನೆಟ್ ಮ್ಯಾಲ ಇಡಬ್ಯಾಡ್ರಿ, ಚೌಕಟ್ಟು ಸೊಟ್ಟ ಆತಂದ್ರ ತೊಳದದ್ದೂ ದಂಡ. ಹಸಿ ಇದ್ದಾಗ ಹಾಕೂದೂ ಬ್ಯಾಡ, ಫೆಲ್ಟ್ ನೀರು ಕುಡದ್ರ ಹವಾ ಬಿಡಂಗಿಲ್ಲ, ಧೂಳು ಬಿದ್ರ ಕೆಸರ ಆಗ್ತೈತಿ. ಸ್ಪಂಜಿಂದು ತೊಳದಾಗ ಹಿಂಡಬ್ಯಾಡ್ರಿ, ಎರಡು ಅಂಗೈ ನಡುವ ಒತ್ತಿ ನೀರು ತಗೀರಿ, ಪೂರ್ತಿ ಒಣಗಿದ ಮ್ಯಾಲ ಮಷಿನ್ ಬುಕ್ಕಿನ್ಯಾಗ ಎಣ್ಣಿ ಹಚ್ಚಂದಿದ್ರ ಎರಡು ಮೂರು ಹನಿ ಹಾಕಿ ಎಲ್ಲಾ ಕಡೆ ಹತ್ತೋ ಹಂಗ ಒತ್ರಿ. ಅದನ್ನ ನೋಡಿ ಜಾಳಗಿಗೆ, ಫೆಲ್ಟಿಗೆ ಎಣ್ಣಿ ಹಚ್ಚೋರೂ ಅದಾರ, ಅವಕ್ಕ ಎಣ್ಣಿ ಬಿಲ್ಕುಲ್ ಬ್ಯಾಡ.

ತಿರುಗಿ ಹಾಕುವಾಗ ಫಿಲ್ಟರ್ ಕುಂದರೋ ಜಾಗ ಒಣಾ ಅರಿಬಿಲೆ ಒರಸ್ರಿ, ಅಂಚಿಗೆ ಬೆರಳಿನ ತುದಿಲೆ ಎಷ್ಟೂ ಕಾಣದಷ್ಟು ಗ್ರೀಸ್ ಸವರಿದ್ರ ಸಂದಿ ಮುಚ್ಚತೈತಿ. ಕವರ್ ಹಾಕಿ ಚೋಕ್ ತಗೀರಿ, ಇಲ್ಲಂದ್ರ ಹಗ್ಗ ಜಗ್ಗಿ ಜಗ್ಗಿ ಭುಜ ಹೋಗ್ತೈತಿ. ನಮ್ಮ ಬ್ಯಾಸಿಗಿ ಧೂಳಿಗೆ ನಾನು ಪ್ರತಿ ಸಲ ಪೆಟ್ರೋಲ್ ತುಂಬುವಾಗ ಒಮ್ಮೆ ಕವರ್ ಎತ್ತಿ ನೋಡ್ತೇನಿ, ಝಾಡಿಸೂದು ದಿನಾ, ತೊಳಿಯೋದು ಮೆತ್ತಿದಾಗ ಅಷ್ಟ.

ಹೊಸಾ ಫಿಲ್ಟರ್ ಹಾಕಿ ಎರಡು ಟ್ಯಾಂಕ್ ಓಡಿಸಿದ ಮ್ಯಾಲ ಒಂದು ಕೆಲಸ ಮಾಡ್ರಿ. ಮಷಿನ್ ಆರಿದ ಮ್ಯಾಲ ಫಿಲ್ಟರ್ ತಗದು, ಸ್ವಚ್ಛ ಇರೋ ಬಿಳೇ ಅರಿಬಿ ಬೆರಳಿಗೆ ಸುತ್ತಿ ಕಾರ್ಬೋರೇಟರ್ ಬಾಯಿ ಒಳಗ ಒಂದು ಸುತ್ತ ಒರಸ್ರಿ. ಬರೇ ಎಣ್ಣಿ ಹತ್ತಿದ್ರ ಚಿಂತಿಲ್ಲ. ಬೆರಳಿನ್ಯಾಗ ಉಸುಕಿನಂಗ ಗರ ಗರ ಅಂದ್ರ, ಅರಿಬಿ ಮಣ್ಣಿನ ಬಣ್ಣಕ್ಕ ಬಂದ್ರ ಆ ಫಿಲ್ಟರ್ ಎಷ್ಟ ಹೊಸದಿದ್ರೂ ಅಂಗಡಿಯಂವಗ ತಿರುಗಿ ಕೊಡ್ರಿ, ಅರಿಬಿನೂ ಜೋಡಿ ಒಯ್ದು ತೋರಸ್ರಿ.