ಎರಡು ನಿಮಿಷದ ಪ್ರೋಬ್, ಅರ್ಧ ಗುಳಿಗೆ: ಹಾರ್ಟ್ ಫೇಲ್ಯೂರ್ ಜೊತೆ ನನ್ನ ಅನುಭವ

ಹಾರ್ಟ್ ಫೇಲ್ಯೂರ್, ಅಂದರೆ ಹೃದಯ ಸೋತು ಮೈಯಲ್ಲಿ ನೀರು ನಿಲ್ಲುವವರಿಗೆ, ಆ ನೀರು ಮೂತ್ರದಲ್ಲಿ ಇಳಿಸುವ ಲ್ಯಾಸಿಕ್ಸ್ ಗುಳಿಗೆ ಯಾವಾಗ ಏರಿಸಬೇಕು, ಯಾವಾಗ ಇಳಿಸಬೇಕು ಅನ್ನೋದು ನಮ್ಮಂಥ ಡಾಕ್ಟರಿಗೆಲ್ಲ ದಿನದ ಕೆಲಸ. ಕಾಲು ಒತ್ತಿ ನೋಡುತ್ತೇವೆ, ಕತ್ತಿನ ನರ ನೋಡುತ್ತೇವೆ, ಬೆನ್ನಿಗೆ ಸ್ಟೆತ್ ಇಡುತ್ತೇವೆ, ಆಮೇಲೆ ಒಂದು ಅಂದಾಜಿನ ಮೇಲೆ ಬರೆಯುತ್ತೇವೆ. ನಾನೂ ಹನ್ನೊಂದು ವರ್ಷ ಹಾಗೇ ಬರೆದೆ. ಈಗ ನಾಲ್ಕು ವರ್ಷದಿಂದ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟು ನೋಡದೆ ಅರ್ಧ ಗುಳಿಗೆಯನ್ನೂ ಬದಲಿಸುವುದಿಲ್ಲ. "ಫುಲ್ ಎಕೋ ಬಿಟ್ಟು ಬರೀ ಐವಿಸಿ, ಲಂಗ್ ನೋಡಿದರೆ ಏನು ತಿಳಿಯುತ್ತೆ?" ಅಂತ ಕೇಳಿದವರು ಬಹಳ ಜನ. ಎಕೋ ಅಂದರೆ ಹೃದಯದ ಪೂರ್ತಿ ಸ್ಕ್ಯಾನ್, ಐವಿಸಿ ಅಂದರೆ ಹೊಟ್ಟೆಯಿಂದ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ರಕ್ತನಾಳ, ಲಂಗ್ ಅಂದರೆ ಶ್ವಾಸಕೋಶ. ತಿಳಿಯುತ್ತೆ. ಹೇಗೆ ಅಂತ ಬರೆಯುತ್ತೇನೆ.

ನನ್ನದು ಯಾದಗಿರಿ ಜಿಲ್ಲೆಯ ಒಂದು ತಾಲೂಕು ಊರು. ನಾನು ಎಂಡಿ ಮೆಡಿಸಿನ್, ಕಾರ್ಡಿಯಾಲಜಿಸ್ಟ್ ಅಲ್ಲ. ಹಳೇ ಅಟ್ಯಾಕ್ ಆಗಿ ಇಎಫ್ (ಹೃದಯ ಒಂದು ಬಡಿತಕ್ಕೆ ಹೊರಹಾಕುವ ರಕ್ತದ ಶೇಕಡಾ ಪ್ರಮಾಣ) 30ರ ಆಸುಪಾಸು ಇರುವವರು, ರುಮ್ಯಾಟಿಕ್ ಜ್ವರದಿಂದ ಹೃದಯದ ವಾಲ್ವ್ ಕೆಟ್ಟವರು, ಎಲ್ಲ ಸೇರಿ ಅರವತ್ತು ಎಪ್ಪತ್ತು ಜನ ತಿಂಗಳಿಗೊಮ್ಮೆ ಬರುತ್ತಾರೆ. ಉಗಾದಿ, ಜಾತ್ರೆ ಮುಗಿದ ವಾರ ನನ್ನ ಆರು ಹಾಸಿಗೆಯೂ ತುಂಬುತ್ತಿದ್ದವು. ಹಪ್ಪಳ, ಉಪ್ಪಿನಕಾಯಿ, ಆ ಉಪ್ಪಿಗೆ ಮೈಯಲ್ಲಿ ನೀರು, ಮತ್ತೆ ಉಬ್ಬಸ. ಅದೇ ಮುಖಗಳು. ಅದೇ ನನಗೆ ಸಹಿಸೋಕೆ ಆಗುತ್ತಿರಲಿಲ್ಲ.

ಮೊದಲು ದುಡ್ಡಿನ ಮಾತು. ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ಪೋರ್ಟಬಲ್ ಅಲ್ಟ್ರಾಸೌಂಡ್ ಯಂತ್ರ ತಂದೆ. ಕಾರ್ಡಿಯಾಕ್ ಪ್ರೋಬ್ ಸೇರಿ ಸುಮಾರು 5.75 ಲಕ್ಷ. ಹೊಟ್ಟೆ ನೋಡುವ ಕಾನ್ವೆಕ್ಸ್ ಪ್ರೋಬಿಗೆ ಬೇರೆ 80 ಸಾವಿರ. ಸಹಕಾರಿ ಬ್ಯಾಂಕಿನ ಸಾಲ. ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ ಕಾನೂನು) ನೋಂದಣಿಗೆ 25 ಸಾವಿರ ಶುಲ್ಕ. "ಹೃದಯ ನೋಡೋಕೆ ಅದ್ಯಾಕೆ?" ಅಂತ ಹೊಸಬರು ಕೇಳುತ್ತಾರೆ. ಭ್ರೂಣದ ಲಿಂಗ ಪತ್ತೆ ಮಾಡಬಲ್ಲ ಯಾವ ಯಂತ್ರಕ್ಕಾದರೂ ಈ ನೋಂದಣಿ ಬೇಕೇ ಬೇಕು. ಕಾಗದ ಕೈಗೆ ಬರೋಕೆ ನಾಲ್ಕು ತಿಂಗಳು ಹಿಡಿಯಿತು. ಅಷ್ಟೂ ದಿನ ಯಂತ್ರ ಸೀಲಾಗಿ ಮೂಲೆಯಲ್ಲಿ ಕೂತಿತ್ತು, ಕಂತು ಮಾತ್ರ ಹೋಗುತ್ತಿತ್ತು. ಹಳ್ಳಿ ಮನೆಗಳಿಗೆ ಹೊತ್ತುಕೊಂಡು ಹೋಗಬೇಕು ಅಂತ ನನಗೆ ಆಸೆ ಇತ್ತು. 2012ರ ತಿದ್ದುಪಡಿ ಪ್ರಕಾರ ಅದು ಆಗಲ್ಲ, ನೋಂದಾಯಿಸಿದ ಜಾಗದಲ್ಲೇ ಬಳಸಬೇಕು. ಹೆಣ್ಣು ಮಗು ಉಳಿಯಲಿ ಅಂತ ಮಾಡಿದ ಕಾನೂನು, ಅದರ ಮೇಲೆ ನನಗೆ ಬೇಸರ ಇಲ್ಲ. ರೋಗಿಗಳನ್ನೇ ಕರೆಸಿಕೊಳ್ಳುವ ದಾರಿ ಹುಡುಕಿದೆ.

ಮೊದಲ ಆರು ತಿಂಗಳು ಸೋಲೇ ಸೋಲು.

ಒಬ್ಬ ಹಿರಿಯರಿಗೆ ಐವಿಸಿ 2.4 ಸೆಂಟಿಮೀಟರ್. ಉಸಿರೆಳೆದರೂ ಕುಗ್ಗುತ್ತಿಲ್ಲ. 2.1ಕ್ಕಿಂತ ದಪ್ಪ, ಅರ್ಧಕ್ಕೂ ಕುಗ್ಗಲ್ಲ ಅಂದರೆ ಹೃದಯದ ಬಲಗಡೆ ಒತ್ತಡ ಜಾಸ್ತಿ, ಅಲ್ವಾ? ಲ್ಯಾಸಿಕ್ಸ್ ಏರಿಸಿದೆ. ಮುಂದಿನ ವಾರವೂ 2.4. ಮತ್ತೆ ಏರಿಸಿದೆ. ಮೂರನೇ ವಾರ ಅವರು ತಲೆಸುತ್ತಿ ಬಿದ್ದು ಬಂದರು. ಕಿಡ್ನಿ ಕೆಲಸ ತಿಳಿಸುವ ರಕ್ತ ಪರೀಕ್ಷೆ ಕ್ರಿಯಾಟಿನಿನ್ 1.1 ಇದ್ದದ್ದು 2.4 ಹತ್ತಿರ ಹೋಗಿತ್ತು. ಅವರಿಗೆ ಟ್ರೈಕಸ್ಪಿಡ್, ಅಂದರೆ ಹೃದಯದ ಬಲಗಡೆಯ ವಾಲ್ವ್, ಲೀಕ್ ಜೋರಾಗಿತ್ತು. ಅಂಥವರ ಐವಿಸಿ ಸದಾ ಉಬ್ಬಿಯೇ ಇರುತ್ತೆ, ಮೈ ಒಣಗಿದ್ದರೂ. ಲೀಕ್ ನನ್ನ ಕಣ್ಣಿಗೇ ಕಂಡಿತ್ತು, ಲೆಕ್ಕಕ್ಕೆ ತಗೊಂಡಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ದೇವರ ದಯೆ, ಹತ್ತು ದಿನದಲ್ಲಿ ಕಿಡ್ನಿ ಸರಿಹೋಯಿತು. ಅಂದಿನಿಂದ ಐವಿಸಿ ಒಂದನ್ನೇ ನಂಬಿ ಡೋಸ್ ಮುಟ್ಟಿಲ್ಲ.

ಇನ್ನೊಬ್ಬ ಅಜ್ಜಿಗೆ ಎದೆಯ ಬಲಗಡೆ ಮೇಲ್ಭಾಗದಲ್ಲಿ ತುಂಬ ಬಿ ಲೈನ್, ಅಂದರೆ ಶ್ವಾಸಕೋಶದಲ್ಲಿ ನೀರಿದ್ದಾಗ ಪರದೆಯಲ್ಲಿ ಮೇಲಿಂದ ಕೆಳಗೆ ಇಳಿಯುವ ಬಿಳಿ ಗೆರೆ. ನೀರು ಅಂದುಕೊಂಡೆ. ಇಪ್ಪತ್ತು ವರ್ಷದ ಹಿಂದಿನ ಟಿಬಿ ಗಾಯ ಅದು. ನೀರಾದರೆ ಸಾಮಾನ್ಯವಾಗಿ ಎರಡೂ ಕಡೆ ಕಾಣುತ್ತೆ, ಪ್ಲೂರಾ (ಶ್ವಾಸಕೋಶದ ಪೊರೆ) ಗೆರೆಯೂ ನಯವಾಗಿರುತ್ತೆ. ಗಾಯವಾದರೆ ಆ ಗೆರೆ ಒರಟು. ನಮ್ಮ ಕಡೆ ಟಿಬಿ ಇಷ್ಟಿರುವಾಗ ಹಳೇ ಎಕ್ಸ್‌ರೇ ಕೇಳದೆ ಪ್ರೋಬ್ ಹಿಡಿಯಬೇಡಿ.

ಮೂರನೆಯದು ಯಂತ್ರದ್ದು. ಎರಡು ತಿಂಗಳು ಬಿ ಲೈನೇ ಸರಿಯಾಗಿ ಕಾಣುತ್ತಿರಲಿಲ್ಲ. ಉಸಿರು ಕಟ್ಟಿ ಕೂತಿರುವ ರೋಗಿಯ ಎದೆಯೂ ಸ್ವಚ್ಛ! ಪ್ರೋಬ್ ಕೆಟ್ಟಿದೆ ಅಂತ ರಿಪೇರಿಯವನಿಗೆ ನಾಲ್ಕು ಸಾವಿರ ಕೊಟ್ಟೆ. ಏನೂ ಕೆಟ್ಟಿರಲಿಲ್ಲ. ಚಿತ್ರ ಚಂದ ಕಾಣಲಿ ಅಂತ ಯಂತ್ರ ತಾನಾಗಿ ಹಾಕುವ ಹಾರ್ಮಾನಿಕ್, ಕಾಂಪೌಂಡ್ ಆಯ್ಕೆಗಳು ಆ ಗೆರೆಗಳನ್ನು ಅಳಿಸುತ್ತಿದ್ದವು. ಎರಡನ್ನೂ ಆಫ್ ಮಾಡಿದೆ, ಗೆರೆ ಪರದೆಯ ಕೆಳಗಿನವರೆಗೂ ಇಳಿದವು.

ಈಗ ಮಾಡುವ ಕ್ರಮ ಇಷ್ಟು. ತೂಕ, ಬಿಪಿ, ರಾತ್ರಿ ಉಸಿರಾಡೋಕೆ ಎಷ್ಟು ದಿಂಬು ಬೇಕು ಅನ್ನೋದನ್ನು ಸಿಸ್ಟರ್ ಬರೆದಿಡುತ್ತಾರೆ. ನಾನು ಎದೆಯ ಎಂಟು ಜಾಗ ನೋಡುತ್ತೇನೆ, ಒಂದೊಂದು ಕಡೆ ನಾಲ್ಕು. ಒಂದು ಜಾಗದಲ್ಲಿ ಮೂರಕ್ಕಿಂತ ಕಡಿಮೆ ಗೆರೆ ಇದ್ದರೆ ಅದನ್ನು ನೀರು ಅಂತ ಲೆಕ್ಕ ಹಿಡಿಯಲ್ಲ. ಆಮೇಲೆ ಐವಿಸಿ, ಉದ್ದಕ್ಕೂ ಅಡ್ಡಕ್ಕೂ. ಉದ್ದಕ್ಕೆ ಮಾತ್ರ ನೋಡಿದರೆ ಉಸಿರೆಳೆದಾಗ ರಕ್ತನಾಳ ಪಕ್ಕಕ್ಕೆ ಸರಿದು ಕುಗ್ಗಿದ ಹಾಗೆ ಮೋಸ ಮಾಡುತ್ತೆ. "ಸ್ನಿಫ್ ಮಾಡಿ" ಅಂದರೆ ಇಲ್ಲಿ ಯಾರಿಗೂ ತಿಳಿಯಲ್ಲ. ಹೆಣ್ಣುಮಕ್ಕಳಿಗೆ "ಮಲ್ಲಿಗಿ ಮೂಸಿ ನೋಡವ್ವಾ" ಅನ್ನುತ್ತೇನೆ, ಹಿರಿಯರಿಗೆ "ನಶ್ಯ ಏರಿಸಿದಂಗ ಮಾಡ್ರಿ". ತಕ್ಷಣ ಸರಿಯಾಗಿ ಎಳೆಯುತ್ತಾರೆ. ಸಣ್ಣ ಮೈಕಟ್ಟಿನ ಅಜ್ಜಿಯರಲ್ಲಿ 2.1 ಮುಟ್ಟದೆಯೂ ಐವಿಸಿ ತುಂಬಿರುತ್ತೆ. ಆದ್ದರಿಂದ ಅವರವರ ಹಳೇ ಅಳತೆಯೇ ನನಗೆ ಮುಖ್ಯ.

ಗ್ಯಾಸ್ ತುಂಬಿದ ಹೊಟ್ಟೆಯಲ್ಲಿ ಐವಿಸಿ ಸಿಗದಿದ್ದರೆ ಬಲ ಪಕ್ಕೆಯಿಂದ ಲಿವರ್ ಮೂಲಕ ನೋಡಿ. ತೀರಾ ದಪ್ಪ ಇರುವವರಿಗೆ ನಾನು ಪ್ರೋಬ್ ಹಿಡಿಯುವ ರೀತಿ ಬೇರೆ ಇದೆ. ಅದನ್ನು ಬರೆದರೆ ತಪ್ಪು ತಿಳಿಯಬಹುದು, ಬಂದವರಿಗೆ ಕೈಹಿಡಿದು ತೋರಿಸುತ್ತೇನೆ.

ಒಂದು ರಾತ್ರಿ ಸುಮ್ನೆ ಕುತೂಹಲಕ್ಕೆ ವಾರ್ಡಿನಲ್ಲೇ ಕೂತೆ. ಲ್ಯಾಸಿಕ್ಸ್ ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆಗೊಮ್ಮೆ ಅದೇ ಜಾಗ ನೋಡಿದೆ. ಎರಡು ಮೂರು ಗಂಟೆಯಲ್ಲಿ ಗೆರೆಗಳು ಅರ್ಧಕ್ಕಿಳಿದವು. ಕಾಲಿನ ಬಾವು ಇಳಿಯೋಕೆ ನಾಲ್ಕು ದಿನ ಬೇಕಾಯಿತು. ಕಾಲು ನೋಡಿ ಡೋಸ್ ಬರೆಯುತ್ತಿದ್ದ ವರ್ಷಗಳೆಲ್ಲ ಆಗ ಕಣ್ಣ ಮುಂದೆ ಬಂದವು. ಜೆಲ್ ಬದಲು ಲೋಳೆಸರವನ್ನೂ ಹಚ್ಚಿ ನೋಡಿದ್ದೇನೆ. ಚಿತ್ರ ಬರುತ್ತೆ, ಆದರೆ ಬೇಗ ಒಣಗುತ್ತೆ, ಒಬ್ಬರಿಗೆ ತುರಿಕೆಯೂ ಆಯಿತು. ಬಿಟ್ಟೆ.

ಈ ಕೆಲಸದ ನಡುವೆಯೇ ಸಿಕ್ಕಿದ್ದು ಒಬ್ಬ ಆರು ತಿಂಗಳ ಬಸುರಿ. ದಮ್ಮು ಅಂತ ಬೇರೆ ಕಡೆ ಇನ್‌ಹೇಲರ್ ಕೊಟ್ಟಿದ್ದರು. ಎರಡೂ ಕಡೆ ಎದೆ ತುಂಬ ಬಿ ಲೈನ್. ಹೃದಯಕ್ಕೆ ಪ್ರೋಬ್ ಇಟ್ಟರೆ ಮೈಟ್ರಲ್, ಅಂದರೆ ಹೃದಯದ ಎಡಗಡೆಯ ವಾಲ್ವಿನ ಮುಂದಿನ ಎಲೆ ಹಾಕಿ ಆಟದ ಕೋಲಿನ ಹಾಗೆ ಬಾಗಿದೆ. ಪ್ರೆಶರ್ ಹಾಫ್ ಟೈಮಿಂದ (ವಾಲ್ವಿನ ಎರಡೂ ಬದಿಯ ಒತ್ತಡದ ವ್ಯತ್ಯಾಸ ಅರ್ಧಕ್ಕಿಳಿಯೋಕೆ ಹಿಡಿಯುವ ಮಿಲಿಸೆಕೆಂಡು) 220ನ್ನು ಭಾಗಿಸಿದರೆ ವಾಲ್ವಿನ ಜಾಗ 0.9 ಚದರ ಸೆಂಟಿಮೀಟರ್ ಹತ್ತಿರ, ಅಂದರೆ ತುಂಬ ಕಿರಿದು. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ವೈದ್ಯ ಎಡ್ಲರ್ ಮತ್ತು ಭೌತವಿಜ್ಞಾನಿ ಹರ್ಟ್ಸ್ ಲೋಹದ ಬಿರುಕು ಹುಡುಕುವ ಯಂತ್ರವನ್ನು ಎದೆಗೆ ಇಟ್ಟು ಹೃದಯದ ಈ ಎಕೋ ವಿದ್ಯೆ ಶುರು ಮಾಡಿದರಲ್ಲ, ಎಡ್ಲರ್‌ಗೆ ಬೇಕಿದ್ದದ್ದೂ ಇದೇ ಮೈಟ್ರಲ್ ರೋಗದ ಪತ್ತೆ. ಬಸುರಿಯರ ಸ್ಕ್ಯಾನಿಗೆ ಅದೇ ಕಾನೂನು ಕೇಳುವ ಫಾರ್ಮ್ ಎಫ್ ತುಂಬಿ, ಹೃದಯದ ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಶುರು ಮಾಡಿ, ಅದೇ ದಿನ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಕಳಿಸಿದೆ. ಬಲೂನಿನಿಂದ ವಾಲ್ವ್ ಅಗಲ ಮಾಡಿದರು. ಈಗ ಮಗುವನ್ನು ಎತ್ತಿಕೊಂಡೇ, ರುಮ್ಯಾಟಿಕ್ ಜ್ವರ ಮತ್ತೆ ಬಾರದಿರಲಿ ಅಂತ ಕೊಡುವ ಪೆನಿಸಿಲಿನ್ ಇಂಜೆಕ್ಷನ್ನಿಗೆ ಮೂರು ವಾರಕ್ಕೊಮ್ಮೆ ಬರುತ್ತಾಳೆ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಮೊದಲು ತಿಂಗಳಿಗೆ ಎಂಟು ಹತ್ತು ಜನ ಉಬ್ಬಸಕ್ಕೆ ಅಡ್ಮಿಟ್ ಆಗುತ್ತಿದ್ದರು. ಈಗ ಎರಡೋ ಮೂರೋ. ಪ್ರೋಬ್ ನೋಟಕ್ಕೆ 150 ರೂಪಾಯಿ ತಗೊಳ್ತೇನೆ, ಇಲ್ಲದವರಿಗೆ ಇಲ್ಲ. ಅಡ್ಮಿಷನ್ ಇಳಿದು ಆದಾಯವೂ ಇಳಿಯಿತು, ನಿಜ. ಆದರೆ ದೂರದ ಹಳ್ಳಿಯವರು ಕೇಳಿಕೊಂಡು ಬರೋಕೆ ಶುರು ಮಾಡಿದರು. ಸಾಲ ಮೂರು ವರ್ಷಕ್ಕೆ ತೀರಿತು.

ನಾನು ಎಣಿಸದೇ ಇದ್ದ ಲಾಭ ಇನ್ನೊಂದು. ಪರದೆಯನ್ನು ರೋಗಿಯ ಕಡೆ ತಿರುಗಿಸುತ್ತೇನೆ. ಗೆರೆ ಇಳಿಯೋದನ್ನು ಅವರೇ ನೋಡುತ್ತಾರೆ. ಅವರು ಇಟ್ಟ ಹೆಸರು "ಮಳಿ". "ಗುಳಿಗಿ ತಗೊಂಡ್ರ ಬಸ್ಸಿನಾಗ ಒಂದಕ್ಕ ಬರ್ತೈತ್ರಿ" ಅಂತ ಗುಳಿಗೆ ಬಿಡುತ್ತಿದ್ದ ಅಜ್ಜಿ ಈಗ ಬಂದ ಕೂಡಲೇ "ಸಾಹೇಬ್ರ, ಇವತ್ತ ಮಳಿ ಐತೇನ್ರಿ?" ಅಂತ ಪರದೆ ಕಡೆ ಕತ್ತು ಚಾಚುತ್ತಾರೆ. ಇದ್ದರೆ ತಾವೇ ಒಪ್ಪಿಕೊಳ್ಳುತ್ತಾರೆ: "ಹೌದ್ರಿ, ಉಪ್ಪಿನಕಾಯಿ ತಿಂದೀನಿ."

"ಇದು ಆಟ" ಅಂದಿದ್ದ ಕಾರ್ಡಿಯಾಲಜಿಸ್ಟ್ ಒಬ್ಬರು ಹೋದ ತಿಂಗಳು ತಮ್ಮ ರೋಗಿಯನ್ನು ಚೀಟಿ ಕೊಟ್ಟು ಕಳಿಸಿದ್ದರು. "ಲಂಗ್, ಐವಿಸಿ ನೋಡಿ ಡೋಸ್ ಸರಿ ಮಾಡಿ" ಅಂತ ಅವರದೇ ಕೈಬರಹ. ನೋಡಿದೆ. ಎಂಟೂ ಜಾಗ ಸ್ವಚ್ಛ, ಐವಿಸಿ 1.3. ಡೋಸ್ ಅರ್ಧಕ್ಕಿಳಿಸಿ, ಅಳತೆಗಳನ್ನು ಅದೇ ಚೀಟಿಯ ಹಿಂದೆ ಬರೆದು ವಾಪಸ್ ಕಳಿಸಿದೆ.